ಮಾಳಿಗೆ ಮೇಲೆ ಸರಿ, ಗಾಲ್ಫ್ ಕೋರ್ಸ್‌ಗೆ ಹೋದರೆ ಬಲಕ್ಕೆ: ಯಾವ ಡ್ರಿಲ್ ಮಾಡಲಿ?

ಪ್ರಶ್ನೆ: ನನಗೆ 44 ವರ್ಷ. ಬೆಂಗಳೂರಿನಲ್ಲಿದ್ದಾಗ ಗಾಲ್ಫ್ ಹಚ್ಚಿಕೊಂಡೆ. ಎರಡು ವರ್ಷದ ಹಿಂದೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿ ಬಳ್ಳಾರಿಗೆ ಬಂದೆ. ಈಗ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬೆಂಗಳೂರಿಗೆ ಹೋದಾಗ ಮಾತ್ರ ಆಟ. ಮನೆಯ ಮಾಳಿಗೆ ಮೇಲೆ ನೆಟ್ ಕಟ್ಟಿ, ಮ್ಯಾಟ್ ಹಾಸಿ, ದಿನಾ ಬೆಳಿಗ್ಗೆ ನೂರರಿಂದ ನೂರೈವತ್ತು ಚೆಂಡು ಹೊಡೆಯುತ್ತೇನೆ. ವಿಡಿಯೋ ನೋಡಿ ಎಂಟು ಡ್ರಿಲ್ (ತಪ್ಪು ತಿದ್ದುವ ಅಭ್ಯಾಸ) ಕಲಿತಿದ್ದೇನೆ. ಮನೆಯಲ್ಲಿ ಏಟು ಚೆನ್ನಾಗಿ ಬೀಳುತ್ತದೆ. ಕೋರ್ಸ್‌ನಲ್ಲಿ ಮಾತ್ರ ಡ್ರೈವರ್ (ದೂರದ ಏಟಿನ ಉದ್ದ ಕೋಲು) ಹೊಡೆತವೆಲ್ಲ ಬಲಕ್ಕೆ ಬಾಗಿ ಮರಗಳೊಳಗೆ ಹೋಗುತ್ತದೆ. ಐರನ್ (ತೆಳು ಲೋಹದ ತಲೆಯ ಕೋಲು) ಹಿಡಿದರೆ ಮೊದಲು ನೆಲ, ಆಮೇಲೆ ಚೆಂಡು. ನಾನು ಬಲಗೈ ಆಟಗಾರ. ನನಗೆ ಸರಿಯಾದ ಡ್ರಿಲ್ ಯಾವುದು? ಅಥವಾ ಹೊಸ ಡ್ರೈವರ್ ತೆಗೆದುಕೊಳ್ಳಲಾ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಮಾತಿನ ಮೇಲೆ. "ಮನೆಯಲ್ಲಿ ಏಟು ಚೆನ್ನಾಗಿ ಬೀಳುತ್ತದೆ" ಅಂತ ಬರೆದಿದ್ದೀರಿ. ಚೆನ್ನಾಗಿ ಬಿತ್ತು ಅಂತ ನಿಮಗೆ ಹೇಳಿದ್ದು ಯಾರು?

ನೆಟ್ ಅಂತೂ ಹೇಳಿರಲ್ಲ. ಮಾಳಿಗೆ ಮೇಲಿನ ನೆಟ್ ಚೆಂಡಿನಿಂದ ಹತ್ತು ಅಡಿ ದೂರ ಇದ್ದರೆ ಜಾಸ್ತಿ. ಚೆಂಡು ಬಾಗುವುದು ಕಾಣಬೇಕಾದರೆ ಅದು ಒಂದಷ್ಟು ದೂರ ಹಾರಬೇಕು. ನಿಮ್ಮ ನೆಟ್ ಅದನ್ನು ಬಾಗುವ ಮೊದಲೇ ಹಿಡಿದುಬಿಡುತ್ತದೆ. ಮ್ಯಾಟ್ ಇನ್ನೂ ಮೋಸ. ಕ್ಲಬ್ಬು, ಅಂದರೆ ಹೊಡೆಯುವ ಕೋಲು, ಚೆಂಡಿಗಿಂತ ಎರಡು ಇಂಚು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಅದು ಜಾರಿಕೊಂಡು ಮುಂದೆ ಹೋಗಿ ಚೆಂಡಿಗೆ ತಾಗುತ್ತದೆ. ಠಪ್ ಅಂತ ಒಳ್ಳೆಯ ಸದ್ದೂ ಬರುತ್ತದೆ. ಅದೇ ಏಟು ಹುಲ್ಲಿನ ಮೇಲಾದರೆ ಕ್ಲಬ್ಬು ಮಣ್ಣಿಗೆ ಕಚ್ಚಿಕೊಳ್ಳುತ್ತದೆ, ಚೆಂಡು ಮೂವತ್ತು ಗಜ ಹೋಗಿ ಕೂರುತ್ತದೆ. ಅಂದರೆ ಕೋರ್ಸ್‌ಗೆ ಹೋದಾಗ ನಿಮ್ಮ ಸ್ವಿಂಗ್ ಕೆಡುತ್ತಿಲ್ಲ. ಮನೆಯಲ್ಲೂ ಅದು ಹಾಗೇ ಇದೆ, ಗೊತ್ತಾಗುತ್ತಿಲ್ಲ ಅಷ್ಟೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಹದಿನೇಳು ವರ್ಷ ಬೆಂಗಳೂರಿನಲ್ಲಿ ಕಲಿಸಿ ಬಳ್ಳಾರಿಗೆ ವಾಪಸ್ ಬಂದ ಮೇಲೆ ನನಗೆ ಜಾಸ್ತಿ ಸಿಗುವುದು ನಿಮ್ಮಂಥವರೇ. ಕೋರ್ಸ್ ದೂರ, ಉತ್ಸಾಹ ಬಹಳ, ಫೋನ್ ತುಂಬಾ ಡ್ರಿಲ್. ಅವರೆಲ್ಲರಿಗೂ ನಾನು ಕೇಳುವುದು ಒಂದನ್ನೇ: ಈ ಡ್ರಿಲ್ ಮಾಡುವಾಗ ತಪ್ಪಾದರೆ ನಿಮಗೆ ಆ ಕ್ಷಣವೇ ಗೊತ್ತಾಗುತ್ತದಾ? ಗೊತ್ತಾಗದಿದ್ದರೆ ಅದು ಬರೀ ಕಸರತ್ತು. ಬೆವರು ಬರುತ್ತದೆ, ಸ್ವಿಂಗ್ ಬದಲಾಗುವುದಿಲ್ಲ. ನಿಮ್ಮ ಎಂಟು ಡ್ರಿಲ್‌ಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡಿ. ಒಂದೋ ಎರಡೋ ಉಳಿಯಬಹುದು.

ಮೊದಲು ಚೆಂಡು ಯಾಕೆ ಬಲಕ್ಕೆ ಹೋಗುತ್ತದೆ ಅಂತ ನೋಡೋಣ. ಚೆಂಡಿಗೆ ತಾಗುವ ಹೊತ್ತಿನಲ್ಲಿ ಎರಡು ಸಂಗತಿ ಲೆಕ್ಕಕ್ಕೆ ಬರುತ್ತವೆ. ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಬದಿ) ಎತ್ತ ನೋಡುತ್ತಿದೆ, ಕ್ಲಬ್ಬು ಯಾವ ದಾರಿಯಲ್ಲಿ ಹೋಗುತ್ತಿದೆ. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ತೀರ್ಮಾನಿಸುವುದು ಮುಖ. ಡ್ರೈವರ್‌ನಲ್ಲಿ ಅದರ ಪಾಲು ಶೇ. 85ರ ಸುಮಾರು, ಐರನ್‌ನಲ್ಲಿ ಶೇ. 75ರ ಸುಮಾರು. ಹಳೇ ಕಾಲದ ಪಾಠದಲ್ಲಿ ಇದನ್ನು ತಿರುಗಿಸಿ ಹೇಳುತ್ತಿದ್ದರು, ನಾನೂ ಕೆಲವು ವರ್ಷ ಹಾಗೇ ಕಲಿಸಿದ್ದೇನೆ. ಚೆಂಡಿನ ಹಾರಾಟ ಅಳೆಯುವ ರೇಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪು ಅಂತ ಎಲ್ಲರಿಗೂ ಗೊತ್ತಾಯಿತು. ಇನ್ನು ಚೆಂಡು ಬಾಗುವುದು ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ. ಮುಖ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಸ್ಲೈಸ್ ಅಂದರೆ ಇಷ್ಟೇ.

ಆದ್ದರಿಂದ ಮುಂದಿನ ಸಲ ಬೆಂಗಳೂರಿಗೆ ಹೋದಾಗ ಚೆಂಡು ಎಲ್ಲಿ ಬಿತ್ತು ಅಂತ ನೋಡಬೇಡಿ, ಎತ್ತ ಹೊರಟಿತು ಅಂತ ನೋಡಿ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ನಿಮ್ಮ ಕ್ಲಬ್ಬು ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತಿದೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಹೋದರೆ ದಾರಿಗಿಂತ ಮುಖದ ತಪ್ಪು ದೊಡ್ಡದು. ನೆಲ ಮೊದಲು ತಾಗುತ್ತದೆ ಅಂತಲೂ ನೀವು ಬರೆದಿದ್ದೀರಿ. ಹೀಗಾಗಿ ನನ್ನ ಅಂದಾಜು ಮೊದಲನೆಯದು: ಭುಜದಿಂದ ಎಳೆಯುತ್ತೀರಿ, ಭಾರ ಹಿಂದಿನ ಕಾಲಿನ ಮೇಲೇ ಉಳಿಯುತ್ತದೆ. ಎರಡೂ ಕಾಯಿಲೆಗೆ ಬೇರು ಒಂದೇ ಇರಬಹುದು.

ಡ್ರಿಲ್‌ಗೆ ಮೊದಲು ಎರಡು ನಿಮಿಷ ಹಿಡಿತ ನೋಡಿಕೊಳ್ಳಿ. ಕ್ಲಬ್ಬು ಹಿಡಿದು ಕೆಳಗೆ ನೋಡಿದರೆ ಎಡಗೈಯ ಎರಡು ಗೆಣ್ಣು ಕಾಣಬೇಕು, ಎರಡೂವರೆ ಕಂಡರೂ ಸರಿ. ಒಂದೇ ಕಾಣುತ್ತಿದ್ದರೆ ಕೈ ಎಡಕ್ಕೆ ಜಾಸ್ತಿ ಹೊರಳಿದೆ ಅಂತ ಅರ್ಥ. ಆಗ ಮುಖ ತೆರೆದುಕೊಳ್ಳದೆ ಬೇರೆ ದಾರಿಯೇ ಇಲ್ಲ, ಯಾವ ಡ್ರಿಲ್ಲೂ ಅದನ್ನು ಮುಚ್ಚುವುದಿಲ್ಲ. ಹಿಡಿ ಅಂಗೈಯಲ್ಲಿ ಅಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು. ಎಷ್ಟು ಬಿಗಿ? ಮೂಲೆ ಕತ್ತರಿಸಿದ ಹಾಲಿನ ಪಾಕೀಟು ಹಿಡಿದ ಹಾಗೆ. ಜಾರಲೂಬಾರದು, ಚೆಲ್ಲಲೂಬಾರದು. ಇಲ್ಲೊಂದು ನಮ್ಮ ಊರಿನದೇ ತೊಂದರೆ ಇದೆ. ಅದಿರಿನ ಧೂಳು ಗ್ರಿಪ್ ಮೇಲೆ ಕೂತು ಅದನ್ನು ನುಣ್ಣಗೆ ಮಾಡುತ್ತದೆ. ಜಾರುವ ಗ್ರಿಪ್ಪನ್ನು ಯಾರಾದರೂ ಬಿಗಿಯಾಗೇ ಹಿಡಿಯುತ್ತಾರೆ, ಬಿಗಿ ಹಿಡಿದ ಕೈ ಹೊರಳುವುದಿಲ್ಲ, ಹೊರಳದಿದ್ದರೆ ಮುಖ ಮುಚ್ಚುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಗ್ರಿಪ್ ತೊಳೆದು ಒರೆಸಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಕ್ಲಬ್ಬುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಆ ಕಾವಿಗೆ ತಲೆಯನ್ನು ಕಡ್ಡಿಗೆ ಹಿಡಿದಿರುವ ಅಂಟು ಸಡಿಲವಾಗಬಹುದು.

ಈಗ ನಾನು ನಿಮಗೆ ಕೊಡುವ ಮೊದಲ ಡ್ರಿಲ್. ಇದಕ್ಕೆ ಚೆಂಡು ಬೇಡ, ಮಾಳಿಗೆಯೂ ಬೇಡ. ಮನೆ ಹಿಂದೆಯೋ ಖಾಲಿ ಸೈಟಿನಲ್ಲೋ ನಾಲ್ಕು ಅಡಿ ಮಣ್ಣು ಹುಡುಕಿ. ಮಸಾರಿ ಮಣ್ಣಾಗಿದ್ದರೆ ಒಳ್ಳೆಯದು. ಎರೆ ಮಣ್ಣು ಒಣಗಿದಾಗ ಕಲ್ಲು, ಮಣಿಕಟ್ಟು ಹೋಗುತ್ತದೆ, ಅದರ ತಂಟೆಗೆ ಹೋಗಬೇಡಿ. ಎರೆ ನೆಲವೇ ಗತಿ ಅಂದರೆ ಮೇಲೆ ನಾಲ್ಕು ಇಂಚು ಉಸುಕು ಹರಡಿ. ಹಿಂದಿನ ರಾತ್ರಿ ಎರಡು ಕೊಡ ನೀರು ಚಿಮುಕಿಸಿಡಿ. ಬೆಳಿಗ್ಗೆ ಮಣ್ಣು ಹದವಾಗಿರುತ್ತದೆ. ಅದರ ಮೇಲೆ ರಂಗೋಲಿ ಪುಡಿಯಿಂದ ಮೂರು ಅಡಿ ಉದ್ದದ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವಿನಿಂದ ನೇರ ಎದುರಿಗೆ ಹೋಗಬೇಕು. ಅಂದರೆ ಗುರಿ ನಿಮ್ಮ ಎಡಕ್ಕೆ, ಗೆರೆ ಆ ದಿಕ್ಕಿಗೆ ಅಡ್ಡ.

7 ಐರನ್ ತೆಗೆದುಕೊಳ್ಳಿ. ಗೆರೆಯ ಮೇಲೆ ಚೆಂಡಿದೆ ಅಂದುಕೊಂಡು ಅರ್ಧ ಸ್ವಿಂಗ್ ಮಾಡಿ. ಈಗ ಬಗ್ಗಿ ನೋಡಿ. ಕ್ಲಬ್ಬು ಮಣ್ಣು ಕಿತ್ತ ಗುರುತು ಎಲ್ಲಿ ಶುರುವಾಗಿದೆ? ಗೆರೆಯ ಮೇಲೆ ಶುರುವಾಗಿ ಗುರಿಯ ಕಡೆಗೆ ಹೋಗಿದ್ದರೆ ಅದು ಒಳ್ಳೆಯ ಏಟು. ಗೆರೆಗಿಂತ ಹಿಂದೆ, ನಿಮ್ಮ ಬಲಗಾಲಿನ ಕಡೆ ಶುರುವಾಗಿ ಗೆರೆಯನ್ನೇ ಅಳಿಸಿಹಾಕಿದ್ದರೆ ಕೋರ್ಸ್‌ನಲ್ಲಿ ಆಗುತ್ತಿರುವುದು ಅದೇ. ಒಳ್ಳೆಯ ಆಟಗಾರರ ಐರನ್ ಹೊಡೆತದಲ್ಲಿ ಕ್ಲಬ್ಬು ಅತಿ ಕೆಳಗೆ ಇಳಿಯುವ ಜಾಗ ಚೆಂಡಿಗಿಂತ ಮೂರು-ನಾಲ್ಕು ಇಂಚು ಮುಂದೆ ಇರುತ್ತದೆ. ನಿಮ್ಮದು ಹಿಂದೆ ಇದೆ.

ಇದರ ಚೆಂದ ಅಂದರೆ ಮಣ್ಣು ಎರಡು ಸುದ್ದಿ ಹೇಳುತ್ತದೆ. ಗುರುತು ಎಲ್ಲಿ ಶುರುವಾಯಿತು ಅನ್ನುವುದು ಒಂದು. ಅದು ಎತ್ತ ಮುಖ ಮಾಡಿದೆ ಅನ್ನುವುದು ಇನ್ನೊಂದು. ನೇರ ಗುರಿಯ ಕಡೆಗೆ ಇರಬೇಕಾದ ಗುರುತು ನಿಮ್ಮ ಕಾಲಿನ ಕಡೆಗೆ ಓರೆಯಾಗಿ ತಿರುಗಿದ್ದರೆ ಕ್ಲಬ್ಬು ಹೊರಗಿನಿಂದ ಒಳಕ್ಕೆ ಬಂದಿದೆ ಅಂತಲೇ. ಯಂತ್ರ ಬೇಡ, ವಿಡಿಯೋ ಬೇಡ. ಒಂದು ಗೆರೆಗೆ ಎಂಟು-ಹತ್ತು ಸ್ವಿಂಗ್, ಪ್ರತಿ ಸಲ ನಾಲ್ಕು ಇಂಚು ಎದುರಿಗೆ ಸರಿಯಿರಿ. ಗೆರೆ ಮುಗಿದ ಮೇಲೆ ಹಿಂದೆ ನಿಂತು ಇಡೀ ಸಾಲು ನೋಡಿ. ನಮ್ಮ ಹುಡುಗರಿಗೆ ನಾನು ಇದನ್ನು ಕೈಬರಹದ ಕಾಪಿ ಅಂತಲೇ ಕರೆಯುತ್ತೇನೆ. ಮೊದಲ ದಿನ ಹತ್ತಕ್ಕೆ ಎರಡು ಸರಿ ಬಂದರೆ ಬೇಜಾರಾಗಬೇಡಿ. ಹೇಗೆ ಸರಿಮಾಡಲಿ ಅಂತ ಕೇಳಿದರೆ ಒಂದೇ ಮಾತು: ಕೆಳಗೆ ಬರುವ ಮೊದಲು ಭಾರ ಎಡಗಾಲಿಗೆ ಹೋಗಲಿ, ಮುಗಿದಾಗ ಬಲಗಾಲಿನ ಹಿಮ್ಮಡಿ ಮೇಲೆದ್ದಿರಲಿ. ಉಳಿದದ್ದನ್ನು ಗೆರೆಯೇ ಕಲಿಸುತ್ತದೆ.

ಎರಡನೆಯದು ದಾರಿಗೆ. ಇದನ್ನು ಮಾಳಿಗೆ ಮೇಲೇ ಮಾಡಬಹುದು. ಖಾಲಿ ಬೂಟಿನ ಡಬ್ಬಿ ಒಂದು ಸಾಕು. ಚೆಂಡಿಗಿಂತ ಒಂದು ಅಡಿ ಹಿಂದೆ, ಅಂದರೆ ಬಲಕ್ಕೆ ಇಡಿ. ಚೆಂಡಿನ ಸಾಲಿನಿಂದ ನಿಮಗೆ ಆಚೆ ಬದಿಗೆ ನಾಲ್ಕು ಬೆರಳು ದೂರ ಇರಲಿ. ಕ್ಲಬ್ಬು ಒಳಗಿನಿಂದ ಬಂದರೆ ಡಬ್ಬಿ ಮುಟ್ಟುವುದಿಲ್ಲ. ಭುಜದಿಂದ ಎಳೆದಿರೋ, ಡಬ್ಬಿ ಹಾರಿಹೋಗುತ್ತದೆ. ಮೊದಲ ವಾರ ಹತ್ತಾರು ಡಬ್ಬಿ ಹಾಳಾಗುತ್ತವೆ. ಇಟ್ಟಿಗೆ ಮಾತ್ರ ಇಡಬೇಡಿ. ನಾನು ಸುಮ್ನೆ ಹೇಳುತ್ತಿಲ್ಲ, ಇಟ್ಟವರನ್ನು ನೋಡಿದ್ದೇನೆ.

ಡ್ರೈವರ್‌ಗೆ ಇನ್ನೊಂದು ಪರೀಕ್ಷೆ ಇದೆ. ಮುಖದ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಹೊಡೆಯಿರಿ. ಚೆಂಡು ತಾಗಿದ ಜಾಗ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಡ್ರೈವರ್ ಮುಖ ಉಬ್ಬಿಕೊಂಡಿರುವುದರಿಂದ ಮತ್ತು ಅದರ ಭಾರ ಹಿಂದಕ್ಕೆ ಇರುವುದರಿಂದ, ಕ್ಲಬ್ಬಿನ ಹಿಮ್ಮಡಿ (ಕಡ್ಡಿ ಸೇರುವ ಬದಿ) ಕಡೆ ತಾಗಿದ ಚೆಂಡು ತಾನಾಗಿಯೇ ಬಲಕ್ಕೆ ಬಾಗುತ್ತದೆ. ಅದರ ಆಚೆ ತುದಿಯ ಕಡೆ ತಾಗಿದರೆ ಎಡಕ್ಕೆ. ಎಷ್ಟೋ ಜನ ದಾರಿ ಸರಿಪಡಿಸಲು ಆರು ತಿಂಗಳು ಒದ್ದಾಡುತ್ತಾರೆ. ಕೊನೆಗೆ ನೋಡಿದರೆ ಅಚ್ಚೆಲ್ಲ ಹಿಮ್ಮಡಿ ಕಡೆ. ಅವರು ಒಂದು ಬೆರಳಷ್ಟು ದೂರ ನಿಂತಿದ್ದರೆ ಅರ್ಧ ಕಾಯಿಲೆ ಹೋಗುತ್ತಿತ್ತು. ಹತ್ತು ಏಟು ಪೌಡರ್ ಹಚ್ಚಿ ಹೊಡೆದು ಫೋಟೋ ತೆಗೆದಿಟ್ಟುಕೊಳ್ಳಿ.

ಮೂರನೆಯದು ಬಳ್ಳಾರಿಯವರಿಗೆ ಪುಕ್ಕಟೆ ಸಿಗುವಂಥದ್ದು. ಅಂಗಡಿಯಲ್ಲಿ ಇಂಪ್ಯಾಕ್ಟ್ ಬ್ಯಾಗ್ ಅಂತ ಮಾರುತ್ತಾರೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನ್ನ ಬಳಿ ಬರುವ ಒಬ್ಬರು ಜೀನ್ಸ್ ಹೊಲಿಯುವ ಯೂನಿಟ್ ಇಟ್ಟಿದ್ದಾರೆ. ಅವರು 25 ಕೆಜಿ ಅಕ್ಕಿಯ ಚೀಲಕ್ಕೆ ಕಟಿಂಗ್‌ನಲ್ಲಿ ಉಳಿದ ಡೆನಿಮ್ ಚಿಂದಿ ಗಿಡಿದು ತುಂಬಿ, ಬಾಯಿ ಹೊಲಿದು ತಂದರು. ಅಂಗಡಿಯದಕ್ಕಿಂತ ಚೆನ್ನಾಗಿದೆ. ಅದನ್ನು ಗೋಡೆಗೆ ಒರಗಿಸಿ, ಮೆಲ್ಲಗೆ ಸ್ವಿಂಗ್ ಮಾಡಿ ಚೀಲಕ್ಕೆ ತಾಗಿಸಿ, ಹಾಗೇ ನಿಂತುಬಿಡಿ. ಅಲುಗಬೇಡಿ. ಕೆಳಗೆ ನೋಡಿ. ಕೈಗಳು ಕ್ಲಬ್ಬಿನ ತಲೆಗಿಂತ ಗುರಿಯ ಕಡೆಗೆ ಮುಂದಿವೆಯಾ? ಮುಖ ಚೀಲಕ್ಕೆ ಚಪ್ಪಟೆಯಾಗಿ ಕೂತಿದೆಯಾ, ಇಲ್ಲ ತುದಿ ಹಿಂದುಳಿದು ಹಿಮ್ಮಡಿ ಮಾತ್ರ ತಾಗಿದೆಯಾ? ತುದಿ ಹಿಂದುಳಿದಿದ್ದರೆ ಮುಖ ತೆರೆದಿದೆ. ಚೆಂಡಿಗೂ ಕ್ಲಬ್ಬಿಗೂ ತಾಗಿರುವ ಹೊತ್ತು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಅದನ್ನು ಕಣ್ಣಿನಲ್ಲಿ ಹಿಡಿಯುವುದು ಸಾಧ್ಯವಿಲ್ಲ, ಚೀಲ ಅದನ್ನು ನಿಲ್ಲಿಸಿ ತೋರಿಸುತ್ತದೆ. ಚೀಲಕ್ಕೆ ಉಸುಕು ತುಂಬಬೇಡಿ, ಕಾಳು ತುಂಬಬೇಡಿ, ಜೋರಾಗಿ ಹೊಡೆಯಲೂ ಬೇಡಿ.

ಕಂಕುಳಲ್ಲಿ ಟವೆಲ್ ಇಟ್ಟುಕೊಳ್ಳುವುದು, ಕಾಲು ಜೋಡಿಸಿ ಹೊಡೆಯುವುದು ನಿಮ್ಮ ಎಂಟರಲ್ಲಿ ಇದ್ದೇ ಇರುತ್ತವೆ, ಅಲ್ವಾ? ಕಾಲು ಜೋಡಿಸಿ ಹೊಡೆಯುವುದನ್ನು ಇಟ್ಟುಕೊಳ್ಳಿ. ಭುಜದಿಂದ ಎಳೆದರೆ ಮುಗ್ಗರಿಸುತ್ತೀರಿ, ಅಂದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಟವೆಲ್ ಸದ್ಯಕ್ಕೆ ಸ್ನಾನಕ್ಕೇ ಇರಲಿ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಈ ಡ್ರಿಲ್‌ಗಳೂ ಮನೆಯಲ್ಲಿ ಸರಿಯಾಗಿ ಬಂದು ಕೋರ್ಸ್‌ನಲ್ಲಿ ಕೈಕೊಟ್ಟರೆ? ಕೊಡಬಹುದು. ಅದಕ್ಕೆ ಕಾರಣ ನೀವು ಅಭ್ಯಾಸ ಮಾಡುವ ರೀತಿ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಗಾಲ್ಫ್ ಅಲ್ಲ. ಮರದ ಸಣ್ಣ ಹಲಗೆಗಳನ್ನು ಒಂದು ಕ್ರಮದಲ್ಲಿ ಬೇಗ ಬೇಗ ಕೈಯಿಂದ ಉರುಳಿಸುವ ಕೆಲಸ. ಅಂಥ ಮೂರು ಕ್ರಮಗಳು. ಒಂದು ಗುಂಪು ಒಂದನ್ನು ಪೂರ್ತಿ ಕಲಿತ ಮೇಲೆ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ಮೂರನ್ನೂ ಕಲಸಿ ಕೊಟ್ಟರು. ಕಲಿಯುವಾಗ ಮೊದಲ ಗುಂಪೇ ಮುಂದಿತ್ತು. ಆಮೇಲೆ ಪರೀಕ್ಷೆ ಇಟ್ಟಾಗ ಎರಡನೆಯ ಗುಂಪು ಗೆದ್ದಿತು. ಒಂದೇ ಕೆಲಸವನ್ನು ಒಂದೇ ಸಮನೆ ಮಾಡುವಾಗ ಕೈಗೆ ಬಂದಂತೆ ಕಾಣುತ್ತದೆ, ಆದರೆ ತಲೆಗೆ ಹತ್ತಿರುವುದಿಲ್ಲ.

ನಿಮ್ಮ ನೂರೈವತ್ತು ಚೆಂಡು ಆ ಮೊದಲ ಗುಂಪಿನ ಕೆಲಸ. ಕೋರ್ಸ್‌ನಲ್ಲಿ ಒಂದೇ ಕ್ಲಬ್ಬಿನಿಂದ ಒಂದೇ ಕಡೆಗೆ ಮೂವತ್ತು ಸಲ ಹೊಡೆಯಲು ಯಾರು ಬಿಡುತ್ತಾರೆ? ಅಲ್ಲಿ ಒಂದು ಏಟು, ಆಮೇಲೆ ಹತ್ತು ನಿಮಿಷ ನಡಿಗೆ, ಬೇರೆ ಕ್ಲಬ್ಬು, ಬೇರೆ ಇಳಿಜಾರು. ಆದ್ದರಿಂದ ಮಾಳಿಗೆ ಮೇಲೆ ಇನ್ನು ಮುಂದೆ ನಲವತ್ತು ಚೆಂಡು ಮಾತ್ರ. ಬಿಸಿಲು ಏರುವ ಮೊದಲು, ಏಳಕ್ಕೆ ಮುಂಚೆ ಮುಗಿದಿರಬೇಕು. ಮೊದಲ ಹತ್ತು ಡಬ್ಬಿ ಇಟ್ಟು, ಮೆಲ್ಲಗೆ. ಉಳಿದ ಮೂವತ್ತರಲ್ಲಿ ಎರಡು ಸಲ ಡ್ರಿಲ್, ಒಂದು ಸಲ ಡಬ್ಬಿ ತೆಗೆದು ಮಾಮೂಲಿ ಏಟು. ಪ್ರತಿ ಮಾಮೂಲಿ ಏಟಿಗೆ ಕ್ಲಬ್ಬು ಬದಲಿಸಿ. ಹಿಂದೆ ಸರಿದು, ನೆಟ್‌ಗೆ ಕಟ್ಟಿದ ಬಣ್ಣದ ಪಟ್ಟಿಯಲ್ಲಿ ಒಂದನ್ನು ಗುರಿ ಇಟ್ಟು, ಬಂದು ನಿಂತು ಹೊಡೆಯಿರಿ. ಚೆಂಡು ಆ ಪಟ್ಟಿಗೆ ತಾಗಿತಾ, ಎಡಕ್ಕೋ, ಬಲಕ್ಕೋ? ಬಾಗುವುದು ನೆಟ್‌ನಲ್ಲಿ ಕಾಣದಿದ್ದರೂ ಹೊರಡುವ ದಿಕ್ಕು ಕಾಣುತ್ತದೆ. ಅಷ್ಟು ಸುದ್ದಿ ಸಾಕು. ಮೊದಮೊದಲು ಈ ಅಭ್ಯಾಸದಲ್ಲಿ ಏಟು ಕೆಡುತ್ತದೆ, ಮನಸ್ಸಿಗೆ ಕಿರಿಕಿರಿ ಆಗುತ್ತದೆ. ಬಿಡಬೇಡಿ.

ಇನ್ನೊಂದು, ಲಯ. ಒಳ್ಳೆಯ ವೃತ್ತಿ ಆಟಗಾರರ ಸ್ವಿಂಗಿನಲ್ಲಿ ಹಿಂದಕ್ಕೆ ಹೋಗಲು ಮುಕ್ಕಾಲು ಸೆಕೆಂಡು ಹಿಡಿದರೆ ಕೆಳಗೆ ಬಂದು ಚೆಂಡಿಗೆ ತಾಗಲು ಕಾಲು ಸೆಕೆಂಡು. ಮೂರಕ್ಕೆ ಒಂದು. ನಿಮ್ಮ ಫೋನಿನ ಸ್ಲೋ ಮೋಷನ್‌ನಲ್ಲಿ ಅಳೆದು ನೋಡಿ. ಸ್ಲೈಸ್ ಹೊಡೆಯುವವರಲ್ಲಿ ಬಹಳ ಜನ ಮೇಲಿನಿಂದ ದುಡುಕುತ್ತಾರೆ. ನಮ್ಮ ಅಜ್ಜನ ಹೊಲ ಕುರುಗೋಡು ಕಡೆ. ಜೋಳದ ತೆನೆಯಲ್ಲಿ ಹಾಲು ತುಂಬುವಾಗ ಅಟ್ಟಣಿಗೆ ಮೇಲೆ ನಿಂತು ಕವಣೆಯಲ್ಲಿ ಹಕ್ಕಿ ಓಡಿಸುತ್ತಿದ್ದರು. ನಾನು ಎಂಟು ವರ್ಷದವನು, ಕವಣೆ ಸಿಕ್ಕ ಕೂಡಲೇ ಎಳೆದು ಬೀಸಿದೆ. ಕಲ್ಲು ಹಕ್ಕಿಯ ಕಡೆ ಹೋಗದೆ ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಅತ್ತೆಯ ಬುಟ್ಟಿಗೆ ಬಿತ್ತು. ಅಜ್ಜ ಬೈಯಲಿಲ್ಲ. "ಅದರ ತೂಕ ನಿನ್ನ ಕೈಗೆ ಬರೂತನಕಾ ತಡಿ" ಅಂದರು. ಕ್ಲಬ್ಬಿಗೂ ಅದೇ ಮಾತು. ಮೇಲೆ ಹೋದಾಗ ಅದರ ತೂಕ ಕೈಗೆ ತಿಳಿಯಬೇಕು, ಆಮೇಲೆ ಕೆಳಗೆ. ಐರನ್ನನ್ನು ತಲೆಕೆಳಗಾಗಿ ಹಿಡಿದು, ಗ್ರಿಪ್ಪಿನ ತುದಿಯಿಂದ ಗಾಳಿ ಬೀಸಿ. ಸುಂಯ್ ಅನ್ನುವ ಸದ್ದು ಚೆಂಡಿರುವ ಜಾಗದಲ್ಲೋ ಅದರ ಆಚೆಗೋ ಬರಬೇಕು. ಬಲಭುಜದ ಹತ್ತಿರವೇ ಬಂದರೆ ದುಡುಕಿದ್ದೀರಿ. ಕಿವಿಯೇ ಹೇಳಿಬಿಡುತ್ತದೆ.

ಹೊಸ ಡ್ರೈವರ್? ಈಗ ಬೇಡ. ನಿಮ್ಮದು 9 ಡಿಗ್ರಿಯದಾಗಿದ್ದರೆ (ಮುಖ ಮೇಲಕ್ಕೆ ವಾಲಿರುವ ಕೋನ), ಗೆಳೆಯರ 10.5 ಇಲ್ಲವೇ 12 ಡಿಗ್ರಿಯದನ್ನು ಒಂದು ದಿನ ಕೇಳಿ ಪಡೆದು ಹೊಡೆದು ನೋಡಿ. ಮುಖ ಹೆಚ್ಚು ಮೇಲಕ್ಕೆ ನೋಡಿದಷ್ಟೂ ಪಕ್ಕಕ್ಕೆ ಬಾಗುವುದು ಕಡಿಮೆ. ಅಷ್ಟಕ್ಕೇ ಮರಗಳಿಂದ ಹೊರಗೆ ಉಳಿದರೂ ಉಳಿಯಬಹುದು. ದೂರದ ಚಿಂತೆ ಬಿಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಡ್ರೈವರ್ ದೂರದಲ್ಲಿ ಅವರು ಜೊತೆಗೆ ಆಡಿದವರಿಗಿಂತ ಹಿಂದಿದ್ದರು. ಅವರನ್ನು ಅಲ್ಲಿಯವರೆಗೆ ತಂದಿದ್ದು ಪಟಿಂಗ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಏಟು. ಅದಕ್ಕಂತೂ ಬೆಂಗಳೂರಿಗೆ ಹೋಗಬೇಕಿಲ್ಲ. ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಇದ್ದರೆ ಅದರ ಮೇಲೆ ಜಮಖಾನೆ ಹಾಸಿ. ಪಟರ್ ತಲೆ ಆಚೀಚೆ ಒಂದು ಬೆರಳು ಜಾಗ ಬಿಟ್ಟು ತೂರುವಷ್ಟು ಅಂತರದಲ್ಲಿ ಎರಡು ನಾಣ್ಯ ಇಟ್ಟು, ನಡುವಿನಿಂದ ಹೊಡೆಯಿರಿ. ನಾಣ್ಯ ತಾಗಿದರೆ ಟಣ್ ಅನ್ನುತ್ತದೆ.

ಮೂರು ವಾರ ಗೆರೆ ಮತ್ತು ಡಬ್ಬಿ, ಬೇರೇನೂ ಬೇಡ. ಮುಂದಿನ ಸಲ ಬೆಂಗಳೂರಿನಿಂದ ಬಂದ ಮೇಲೆ ಸ್ಕೋರು ಬರೆದು ಕಳಿಸಬೇಡಿ. ಪೌಡರ್ ಹಚ್ಚಿದ ಡ್ರೈವರ್ ಮುಖದ ಫೋಟೋ, ಹತ್ತು ಗುರುತು ಇರುವ ರಂಗೋಲಿ ಗೆರೆಯ ಫೋಟೋ, ಮತ್ತು ಹತ್ತು ಡ್ರೈವ್‌ನಲ್ಲಿ ಎಷ್ಟು ಎಡಕ್ಕೆ ಹೊರಟವು, ಎಷ್ಟು ಬಲಕ್ಕೆ ಹೊರಟವು ಅನ್ನುವ ಲೆಕ್ಕ ಕಳಿಸಿ. ಚೀಲದ ಕೆಲಸ ಯಾವಾಗ ಶುರು ಮಾಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.